ಅರ್ಧ ಕಂಪನಿ ಬರೆದುಕೊಡಬೇಕಾ? ದಕ್ಷಿಣ ಆಫ್ರಿಕಾದ ಕಾನೂನಿನ ಬಗ್ಗೆ ಸ್ಪಷ್ಟನೆ

'ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಾರ ಮಾಡೋರು ಅರ್ಧ ಪಾಲನ್ನು ಕಪ್ಪು ಜನರಿಗೆ ಬರೆದುಕೊಡಬೇಕು, ಇಲ್ಲಾಂದ್ರೆ ಜೈಲು. ಭಾರತೀಯರಿಗೂ ಅಲ್ಲಿ ಏನೂ ಸಿಗಲ್ಲ' ಅನ್ನೋ ಮಾತು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಇದು ಸುಳ್ಳು.

2003ರ ಬಿ-ಬಿಬಿಇಇ ಕಾನೂನು, ಅಂದರೆ ಕಪ್ಪು ಜನರನ್ನು ಆರ್ಥಿಕವಾಗಿ ಮೇಲೆತ್ತುವ ಕಾನೂನು, ಕಂಪನಿಗಳಿಗೆ ಅಂಕ ಕೊಡುತ್ತದೆ. ಮಾಲೀಕತ್ವದಲ್ಲಿ ಪಾಲು, ಆಡಳಿತದಲ್ಲಿ ಜಾಗ, ನೌಕರರಿಗೆ ತರಬೇತಿ, ಸಣ್ಣ ಪೂರೈಕೆದಾರರಿಗೆ ನೆರವು, ಇವೆಲ್ಲ ಸೇರಿ ಲೆಕ್ಕ. ಅಂಕ ಕಮ್ಮಿ ಆದರೆ ಸರ್ಕಾರಿ ಟೆಂಡರಿನಲ್ಲಿ ಹಿಂದೆ ಬೀಳಬಹುದು. ವರ್ಷದ ವಹಿವಾಟು 1 ಕೋಟಿ ರ‍್ಯಾಂಡ್ ದಾಟದ ಸಣ್ಣ ಅಂಗಡಿಗೆ ಸಾಮಾನ್ಯ ನಿಯಮದಲ್ಲಿ ಒಂದು ಅಫಿಡವಿಟ್ ಸಾಕು. ಮಾಲೀಕ ಬಿಳಿಯನಾದರೂ ಅಂಕದ ಎಂಟು ಹಂತಗಳಲ್ಲಿ (ಒಂದನೇದು ಎಲ್ಲಕ್ಕಿಂತ ಮೇಲಿನದು) ನಾಲ್ಕನೇ ಹಂತ ತಾನಾಗೇ ಸಿಗುತ್ತದೆ.

ಪಾಲು ಕಡ್ಡಾಯ ಇರೋ ಕ್ಷೇತ್ರಗಳೂ ಇವೆ, ನಿಜ. ಟೆಲಿಕಾಂ ಲೈಸೆನ್ಸಿಗೆ ಹಿಂದೆ ತುಳಿತಕ್ಕೊಳಗಾದವರ ಪಾಲು ಶೇ. 30 ಇರಬೇಕು ಅನ್ನೋ ನಿಯಮ ಪ್ರತ್ಯೇಕ. ಅದನ್ನೇ ಎಲ್ಲರಿಗೂ ಅಂಟಿಸಿ ಹೇಳೋದು ತಪ್ಪಲ್ವಾ?

ಜೈಲು ಇರೋದು ಮೋಸಕ್ಕೆ. ಅಂಕಕ್ಕಾಗಿ ಕಪ್ಪು ಜನಾಂಗದ ಡ್ರೈವರ್ ಹೆಸರನ್ನು ಸುಮ್ನೆ ಕಾಗದದ ಮೇಲೆ ನಿರ್ದೇಶಕ ಅಂತ ಬರೆದು ಲಾಭವನ್ನೆಲ್ಲ ತಾವೇ ಇಟ್ಟುಕೊಳ್ಳೋರಿಗೆ 10 ವರ್ಷದವರೆಗೂ ಶಿಕ್ಷೆ ಆಗಬಹುದು. ಆಗಲೇಬೇಕು ಕೂಡ. ವರ್ಣಭೇದದ ಕಾಲದಲ್ಲಿ ಜಮೀನು, ಕೆಲಸ ಎಲ್ಲವನ್ನೂ ಯಾರಿಂದ ಕಿತ್ತುಕೊಂಡರೋ ಆ ಜನರ ಹೆಸರಲ್ಲಿ ಮತ್ತೆ ದುಡ್ಡು ಹೊಡೆಯೋದು ಅದು.

ಇನ್ನು ಭಾರತೀಯರ ವಿಷಯ. ಕಾನೂನಿನ ಪ್ರಕಾರ 'ಕಪ್ಪು ಜನ' ಅಂದರೆ ಆಫ್ರಿಕನ್ನರು, ಕಲರ್ಡ್ (ಮಿಶ್ರ ಮೂಲದ) ಸಮುದಾಯದವರು ಮತ್ತು ಭಾರತೀಯ ಮೂಲದವರು. ಹುಟ್ಟಿನಿಂದ ಅಥವಾ ವಂಶದಿಂದ ಅಲ್ಲಿನ ಪ್ರಜೆಗಳಾಗಿರಬೇಕು, ಇಲ್ಲವೇ 1994ರ ಏಪ್ರಿಲ್ 27ಕ್ಕೆ ಮುಂಚೆ ಪೌರತ್ವ ಪಡೆದಿರಬೇಕು ಅಥವಾ ಆಗಲೇ ಪಡೆಯಲು ಅರ್ಹರಾಗಿರಬೇಕಿತ್ತು. ಹಾಗಾಗಿ ಡರ್ಬನ್ನಿನ ಹಳೇ ಭಾರತೀಯ ಕುಟುಂಬಗಳು ಇದರೊಳಗೆ ಬರುತ್ತವೆ. ಈಗ ಬೆಂಗಳೂರಿನಿಂದ ಕೆಲಸಕ್ಕೆ ಹೋದವರು ಬರುವುದಿಲ್ಲ.