ಸತ್ಯಾಂಶ: ಕಾಂಪ್ಲೆಕ್ಸ್ ಬಂದ ದಿನವೇ ಬಂಡಿ ಎತ್ತಬೇಕಾ?

ಬಳ್ಳಾರಿಯ ಪೇಟೆಯಲ್ಲಿ ಹೊಸ ವಾಣಿಜ್ಯ ಕಟ್ಟಡದ ಮಾತು ಎದ್ದರೆ ಸಾಕು, ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: "ಕಾಂಪ್ಲೆಕ್ಸ್‌ಗೆ ಪರವಾನಗಿ ಸಿಕ್ಕರೆ ಎದುರಿನ ಬೀದಿ ವ್ಯಾಪಾರಿಗಳನ್ನು ಅಂದೇ ಎತ್ತಬಹುದು, ಅವರಿಗೆ ಯಾವ ಹಕ್ಕೂ ಇಲ್ಲ."

ಇದು ತಪ್ಪು. ಕಟ್ಟಡದ ಪರವಾನಗಿ ಬೇರೆ, ಬೀದಿ ವ್ಯಾಪಾರ ಬೇರೆ. ಎರಡನೆಯದಕ್ಕೆ 2014ರ ಕೇಂದ್ರ ಕಾನೂನೇ ಇದೆ. ಮೊದಲು ವ್ಯಾಪಾರಿಗಳ ಸಮೀಕ್ಷೆ ಮುಗಿಯಬೇಕು, ಬೀದಿ ವ್ಯಾಪಾರದ ಪ್ರಮಾಣಪತ್ರ ಕೊಡಬೇಕು. ಅಲ್ಲಿಯವರೆಗೆ ಎಬ್ಬಿಸುವಂತಿಲ್ಲ. ಆಮೇಲೂ ನೋಟಿಸ್ ಕೊಡದೆ ಸುಮ್ನೆ ಬಂಡಿ ತಳ್ಳುವಂತಿಲ್ಲ. ಸಾಮಾನು ವಶಕ್ಕೆ ಪಡೆದರೆ ಪಟ್ಟಿ ಕೊಡಬೇಕು. ಹಣ್ಣು, ತರಕಾರಿಯಂಥ ಕೆಡುವ ಮಾಲನ್ನು ಕೇಳಿದ ದಿನವೇ, ಉಳಿದದ್ದನ್ನು 2 ಕೆಲಸದ ದಿನದೊಳಗೆ ಬಿಡಬೇಕು. ಶುಲ್ಕ ಮಾತ್ರ ಕಟ್ಟಬೇಕಾಗುತ್ತದೆ.

ಹಾಗಂತ ಯಾರನ್ನೂ ಎಂದೂ ಕದಲಿಸುವಂತಿಲ್ಲ ಎಂದಲ್ಲ. ಸಾರ್ವಜನಿಕ ಉದ್ದೇಶಕ್ಕೆ ಬೇರೆ ಕಡೆ ಕಳಿಸಬಹುದು. ಆದರೆ ಅದಕ್ಕೂ ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸು ಬೇಕು. ಆ ಸಮಿತಿಯಲ್ಲಿ ಕನಿಷ್ಠ ಶೇ. 40 ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು.

ಕಾಂಪ್ಲೆಕ್ಸ್ ಬೇಕೋ ಬೇಡವೋ ಎಂದು ಚರ್ಚೆ ಆಗಲಿ, ಪಾರ್ಕಿಂಗ್ ಜಾಗವನ್ನೂ ಕೇಳಲಿ. ವೈದ್ಯಕೀಯ ಕಾಲೇಜು, ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಹುಡುಗರು ಸಂಜೆ ಮಂಡಕ್ಕಿ ಮಿರ್ಚಿ ಹುಡುಕಿಕೊಂಡು ಬರುವುದು ಬಂಡಿಗೇ ಅಲ್ವಾ? ನಾನೂ ಹಾಗೆ ಬರುವವನೇ. ನಿಮ್ಮ ಬೀದಿಯ ಬಂಡಿಯವರ ಹತ್ತಿರ ಪ್ರಮಾಣಪತ್ರ ಇದೆಯಾ ಎಂದು ಒಮ್ಮೆ ಕೇಳಿ ನೋಡಿ. ಇಲ್ಲದಿದ್ದರೆ ಪಾಲಿಕೆಯಲ್ಲಿ ವಿಚಾರಿಸಲು ಹೇಳಿ.