ಕುರ್ಚಿ ಮುರಿದ ಕಾಮೆಂಟ್ರಿ

ಮೊನ್ನೆ ನಮ್ಮ ಹೈಸ್ಕೂಲ್ ವಾಟ್ಸ್‌ಆ್ಯಪ್ ಗುಂಪಿನಲ್ಲಿ ದೊಡ್ಡ ಜಗಳ. ಐಪಿಎಲ್ ಕನ್ನಡ ಕಾಮೆಂಟ್ರಿಯವರು ಆರ್‌ಸಿಬಿ ಪರ ಜಾಸ್ತಿ ಮಾತಾಡುತ್ತಾರೆ, ವೀಕ್ಷಕ ವಿವರಣೆ ಅಂದರೆ ತಕ್ಕಡಿ ಹಿಡಿದ ಹಾಗಿರಬೇಕು ಅಂತ ಒಬ್ಬ. ಕನ್ನಡದಲ್ಲಿ ಕೂತು ಮತ್ಯಾರ ಪರ ಮಾತಾಡಬೇಕಪ್ಪಾ ಅಂತ ಇನ್ನೊಬ್ಬ. ನಾನು ಅಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟರೆ ಅಮೆರಿಕದ ರೇಡಿಯೋ ಕಾಮೆಂಟ್ರಿಯ ಲ್ಯಾರಿ ಮನ್ಸನ್ ಕಥೆ ಹೇಳಬೇಕಾಗುತ್ತೆ, ಅದು ಎರಡು ಮೆಸೇಜಿನಲ್ಲಿ ಮುಗಿಯುವುದಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಟೀ ತಗೊಂಡು ಕೂತ್ಕೊಳ್ಳಿ.

2000ದಲ್ಲಿ ನಾನು ಓದೋಕೆ ಅಂತ ಅಮೆರಿಕದ ಜಾರ್ಜಿಯಾಗೆ ಬಂದೆ. ಯೂನಿವರ್ಸಿಟಿ ಇರುವುದು ಅಥೆನ್ಸ್ ಅನ್ನುವ ಊರಲ್ಲಿ, ಅಟ್ಲಾಂಟಾದಿಂದ ನೂರು ಕಿಲೋಮೀಟರ್ ಚಿಲ್ಲರೆ. ವಾರವೆಲ್ಲಾ ತೂಕಡಿಸುವ ಊರು. ಆದರೆ ಫುಟ್‌ಬಾಲ್ ಇರುವ ಶನಿವಾರ ಬಂತೋ, ನಮ್ಮ ಕಡೆ ತೇರಿನ ದಿನ ಇರುತ್ತಲ್ಲ, ಹಾಗೆ. ಎಲ್ಲಿ ನೋಡಿದರೂ ಕೆಂಪು ಅಂಗಿ, ಕರಿ ಚಡ್ಡಿ, ಹೊಗೆ ಬರುವ ಒಲೆ, ಬುಲ್‌ಡಾಗ್ ನಾಯಿ ಬೊಂಬೆ. ಕಾಲೇಜು ಹುಡುಗರ ಆಟ ನೋಡಲು ಎಂಬತ್ತು ಸಾವಿರಕ್ಕೂ ಹೆಚ್ಚು ಜನ! ನನಗೆ ನಂಬೋಕೇ ಆಗಲಿಲ್ಲ. ಅದು ನಮ್ಮ ಫುಟ್‌ಬಾಲ್ ಅಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಗುದ್ದುವ ಆಟ. ನಾಲ್ಕು ಸಲದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ. ಸದ್ಯಕ್ಕೆ ಇಷ್ಟು ಗೊತ್ತಿದ್ದರೆ ಸಾಕು. ನನಗೆ ಆಗ ಅಷ್ಟೂ ಗೊತ್ತಿರಲಿಲ್ಲ.

ಗೊತ್ತಿಲ್ಲದೇ ಕೇಳುವ ಅಭ್ಯಾಸ ಮಾತ್ರ ಇತ್ತು. ತಿಪಟೂರಿನಲ್ಲಿ ನಮ್ಮಪ್ಪ ತೆಂಗಿನ ತೋಟಕ್ಕೆ ಟ್ರಾನ್ಸಿಸ್ಟರ್ ಒಯ್ಯುತ್ತಿದ್ದರು. ಆಕಾಶವಾಣಿಯಲ್ಲಿ ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷ್ ಕಾಮೆಂಟ್ರಿ. ಅಪ್ಪನಿಗೆ ಎರಡೂ ಅಷ್ಟಕ್ಕಷ್ಟೇ. ಆದರೂ ಹೇಳುವವನ ದನಿ ಏರಿದ್ದು, ಹಿಂದಿನಿಂದ ಜನರ ಗದ್ದಲ ಎದ್ದಿದ್ದು ಕೇಳಿ 'ಹೋಯ್ತು ಕಣೋ, ಔಟು' ಅಂದುಬಿಡುತ್ತಿದ್ದರು. ಹತ್ತಕ್ಕೆ ಒಂಬತ್ತು ಸಲ ಸರಿ ಇರುತ್ತಿತ್ತು.

ಅಥೆನ್ಸ್‌ನಲ್ಲಿ ಸೀನಿಯರ್ ಒಬ್ಬರಿಂದ ತಗೊಂಡ ಹಳೇ ಕಾರಿನಲ್ಲಿ ಕ್ಯಾಸೆಟ್ ಪ್ಲೇಯರ್ ಕೆಟ್ಟಿತ್ತು, ಎಎಂ ರೇಡಿಯೋ ಒಂದೇ ಗತಿ. ಒಂದು ಶನಿವಾರ ಹಚ್ಚಿದೆ. ಜಲ್ಲಿ ಕಲ್ಲಿನ ಮೇಲೆ ಗಾಡಿ ಎಳೆದ ಹಾಗಿರುವ ಗಂಟಲು. ಅದೇ ಲ್ಯಾರಿ ಮನ್ಸನ್, ಎಪ್ಪತ್ತೆಂಟು ವರ್ಷದ ಮುದುಕರು. ಆಟ ಇನ್ನೂ ಶುರುವಾಗಿಲ್ಲ, ಆಗಲೇ ಅವರಿಗೆ ಆತಂಕ. ಎದುರಿನವರು ಎಷ್ಟು ದೊಡ್ಡವರು, ಎಷ್ಟು ವೇಗದವರು, ನಮ್ಮ ಹುಡುಗರಲ್ಲಿ ಯಾರ ಮಂಡಿ ನೋವು, ಇವತ್ತು ಏನು ಗತಿಯೋ. ಹೌದು, 'ನಮ್ಮ ಹುಡುಗರು'. 'ನಾವು', 'ನಮಗೆ'. ಜಾರ್ಜಿಯಾ ಅನ್ನುವುದಕ್ಕಿಂತ 'ನಾವು' ಅಂದಿದ್ದೇ ಜಾಸ್ತಿ. ಮಗಳ ಮದುವೆ ಮಂಟಪದಲ್ಲಿ ಅಡುಗೆ ಸಾಲುತ್ತೋ ಇಲ್ಲವೋ ಅಂತ ಒದ್ದಾಡುವ ಅಪ್ಪನ ದನಿ ಅದು.

ತಮಾಷೆ ಅಂದರೆ ಮನ್ಸನ್ ಆ ಕಡೆಯವರೇ ಅಲ್ಲ. ಹುಟ್ಟಿದ್ದು 1922ರಲ್ಲಿ, ದೂರದ ಉತ್ತರದ ಮಿನಿಯಾಪೊಲಿಸ್‌ನಲ್ಲಿ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ವೈದ್ಯಕೀಯ ವಿಭಾಗದಲ್ಲಿದ್ದು, ಬಿಟ್ಟು ಬರುವಾಗ ಕೊಟ್ಟ 200 ಡಾಲರ್ ತಗೊಂಡು ರೇಡಿಯೋ ಶಾಲೆಗೆ ಸೇರಿದವರು. ಆಮೇಲೆ ಊರೂರು ತಿರುಗಿ, ನ್ಯಾಶ್‌ವಿಲ್‌ನಲ್ಲಿ ಬಹಳ ವರ್ಷ ಇದ್ದು, ಮೀನು ಹಿಡಿಯುವ ಟೀವಿ ಕಾರ್ಯಕ್ರಮವನ್ನೂ ನಡೆಸಿ, 1966ರಲ್ಲಿ ಜಾರ್ಜಿಯಾ ತಂಡದ ಮೈಕ್ ಹಿಡಿದರು. ಜನ ತಕ್ಷಣ ಒಪ್ಪಲಿಲ್ಲ. ಅದಕ್ಕೆ ಮುಂಚೆ ಇದ್ದ ಎಡ್ ಥಿಲೇನಿಯಸ್ ಮನೆಮಾತಾಗಿದ್ದವರು. ಇವರು ಹೊರಗಿನವರು. 1973ರಲ್ಲಿ ಟೆನ್ನೆಸಿಯನ್ನು ಅವರ ಊರಲ್ಲೇ 35-31ಕ್ಕೆ ಸೋಲಿಸಿದ ದಿನ 'ಅಯ್ಯೋ ದೇವರೇ, ಟೆನ್ನೆಸಿಯನ್ನು ನಾಕ್ಸ್‌ವಿಲ್‌ನಲ್ಲೇ ಸೋಲಿಸಿದರು' ಅಂತ ಕಿರುಚಿದರಂತೆ. ಹಳಬರ ಪ್ರಕಾರ ಅವತ್ತಿನಿಂದ ಮನ್ಸನ್ ಊರಿನವರಾದರು.

ಜನ ಅವರ ಮಾತುಗಳನ್ನು ತಾರೀಖಿನ ಸಮೇತ ಬಾಯಿಪಾಠ ಹೇಳುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ಆಫೀಸಿನಲ್ಲಿ ಒಬ್ಬರು, ಅರವತ್ತು ದಾಟಿದವರು, ಊಟದ ಹೊತ್ತಲ್ಲಿ ಸ್ಯಾಂಡ್‌ವಿಚ್ ಕೆಳಗಿಟ್ಟು, ಕೈ ಒರೆಸಿಕೊಂಡು, 1980ರ ಫ್ಲೋರಿಡಾ ಪಂದ್ಯ ಪೂರ್ತಿ ಮಾಡಿ ತೋರಿಸುತ್ತಿದ್ದರು. ನವೆಂಬರ್ 8, ಜಾಕ್ಸನ್‌ವಿಲ್. ಜಾರ್ಜಿಯಾ ಒಂದೂ ಪಂದ್ಯ ಸೋತಿಲ್ಲದ ವರ್ಷ. ಫ್ಲೋರಿಡಾ 21-20 ಮುಂದೆ, ಒಂದು ನಿಮಿಷ ಚಿಲ್ಲರೆ ಬಾಕಿ, ಚೆಂಡು ನಮ್ಮದೇ ಗೋಲ್ ಗೆರೆಯಿಂದ ಏಳು ಗಜದಲ್ಲಿ, ದಾಟಬೇಕಾದ ಎದುರಿನವರ ಗೆರೆ ಮೈದಾನದ ಆ ತುದಿಯಲ್ಲಿ. ಅಂದರೆ ಕಥೆ ಮುಗೀತು. ಬಕ್ ಬೆಲ್ಯೂ ಓಡುತ್ತಲೇ ಎಸೆದ, ಲಿಂಡ್ಸೆ ಸ್ಕಾಟ್ ಹಿಡಿದ, ಹಿಡಿದವನು ನಿಲ್ಲಲೇ ಇಲ್ಲ. ಮನ್ಸನ್ ಗಜ ಎಣಿಸುತ್ತಾ ಹೋಗುತ್ತಾರೆ, ಮೂವತ್ತೈದು, ನಲವತ್ತು, ಐವತ್ತು... ಮಧ್ಯದಲ್ಲಿ ಎಣಿಕೆ ಬಿಟ್ಟು 'ರನ್ ಲಿಂಡ್ಸೆ!' ಅಂತ ಕೂಗಿಬಿಡುತ್ತಾರೆ. 93 ಗಜ. ಕೊನೆಗೆ ಬರೀ ಹೆಸರು: ಲಿಂಡ್ಸೆ ಸ್ಕಾಟ್, ಲಿಂಡ್ಸೆ ಸ್ಕಾಟ್, ಲಿಂಡ್ಸೆ ಸ್ಕಾಟ್. 26-21. ಆಮೇಲೆ ಉಸಿರು ಬಿಡುತ್ತಾ, ನನ್ನ ಕುರ್ಚಿ ಮುರಿದು ಹೋಯಿತು ಅನ್ನುತ್ತಾರೆ. ಕಬ್ಬಿಣದ ಕುರ್ಚಿ, ಐದಿಂಚಿನ ಮೆತ್ತೆ ಬೇರೆ ಇತ್ತು ಅಂತ ಅದರ ವಿವರ ಕೊಡುತ್ತಾರೆ! ಸಮುದ್ರ ದಂಡೆಯಲ್ಲಿ ಮನೆ ಬಾಡಿಗೆ ಹಿಡಿದಿರುವ ನಮ್ಮವರು ಇವತ್ತು ರಾತ್ರಿ ಎಷ್ಟು ಆಸ್ತಿ ಹಾಳು ಮಾಡುತ್ತಾರೋ ಅಂತ ಚಿಂತೆ ಬೇರೆ. ಆ ವರ್ಷ ಜಾರ್ಜಿಯಾ ರಾಷ್ಟ್ರೀಯ ಚಾಂಪಿಯನ್ ಆಯಿತು.

ನನಗೆ ಅದಕ್ಕಿಂತ ಇಷ್ಟ 1982ರ ಆಬರ್ನ್ ಪಂದ್ಯದ ಕೊನೆ. ಎದುರಿನವರು ದಾಟದ ಹಾಗೆ ಗೋಲ್ ಗೆರೆ ಕಾಯಬೇಕು, ಹುಡುಗರು ಸುಸ್ತಾಗಿದ್ದಾರೆ. ಮನ್ಸನ್ ಕೇಳುಗರನ್ನು ಮರೆತು ಆ ಹುಡುಗರ ಹತ್ತಿರವೇ ಮಾತಾಡುತ್ತಾರೆ. ಬಹಳ ಕೇಳ್ತಿದ್ದೀನಿ ಅಂತ ಗೊತ್ತು ಕಣ್ರಪ್ಪಾ, ಆದರೂ ಇನ್ನೊಂದೇ ಒಂದು ಸಲ ಕಾಲೂರಿ ನಿಂತ್ಕೊಳ್ಳಿ, ಅನ್ನುವ ಧಾಟಿ. ಮೈದಾನದಲ್ಲಿರುವವರಿಗೆ ರೇಡಿಯೋ ಕೇಳಿಸುತ್ತಾ? ಟೀವಿ ಧಾರಾವಾಹಿ ಸೊಸೆಗೆ 'ಆ ಹಾಲು ಕುಡೀಬೇಡ್ವೇ' ಅಂತ ನಮ್ಮಜ್ಜಿ ಬೇಡಿಕೊಳ್ಳುತ್ತಿದ್ದರಲ್ಲ, ಅದೇ ಇದು. 19-14ಕ್ಕೆ ಗೆದ್ದರು, ಸೀಸನ್ ಕೊನೆಯ ದೊಡ್ಡ ಪಂದ್ಯ ಶುಗರ್ ಬೌಲ್‌ಗೆ ದಾರಿ ಸಿಕ್ಕಿತು. 'ನೋಡಿ, ಆಕಾಶದಿಂದ ಸಕ್ಕರೆ ಉದುರ್ತಿದೆ' ಅಂದರು. ನೂರು ಸಲ ಕೇಳಿದ್ದೇನೆ ಆ ರೆಕಾರ್ಡಿಂಗ್. ಈಗಲೂ ರೋಮ ಏಳುತ್ತೆ.

ಈಗ ನನ್ನದೇ ಒಂದು. 2001ರ ಅಕ್ಟೋಬರ್ 6. ನ್ಯೂಯಾರ್ಕ್ ಘಟನೆ ಆಗಿ ತಿಂಗಳೂ ತುಂಬಿರಲಿಲ್ಲ. ನಮ್ಮಂಥ ಮೈಬಣ್ಣದ ಹುಡುಗರು ಒಬ್ಬೊಬ್ಬರೇ ಓಡಾಡಬೇಡಿ ಅಂತ ಸೀನಿಯರ್‌ಗಳು ಹೇಳಿದ್ದರು. ಅಕ್ಕಿ ಮುಗಿದಿತ್ತು, ಹೋಗಲೇಬೇಕಿತ್ತು. ಡೆಕಾಟರ್‌ನ ಇಂಡಿಯನ್ ಅಂಗಡಿಯಿಂದ ಸೋನಾ ಮಸೂರಿ ಚೀಲ ಹಾಕಿಕೊಂಡು ಬರುವಾಗ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದೆ. ಅಲ್ಲಿ ನಾಲ್ಕು ಪಿಕಪ್ ಗಾಡಿ, ನಾಲ್ಕರ ಬಾಗಿಲೂ ತೆರೆದಿವೆ, ನಾಲ್ಕರಲ್ಲೂ ಒಂದೇ ಗಂಟಲು. ನಾನೂ ನನ್ನ ರೇಡಿಯೋ ಹಚ್ಚಿದೆ. ಭಯಕ್ಕೇ ಹಚ್ಚಿದೆ, ಸುಳ್ಳು ಯಾಕೆ ಹೇಳಲಿ. ನಾನೂ ನಿಮ್ಮವನೇ ಅಂತ ತೋರಿಸಿಕೊಳ್ಳೋಕೆ.

ಟೆನ್ನೆಸಿ 24-20 ಮುಂದೆ. 44 ಸೆಕೆಂಡ್ ಇರುವಾಗ ಅವರು ಮುಂದೆ ಹೋಗಿಬಿಟ್ಟಿದ್ದರು. ಮನ್ಸನ್ ದನಿಯಲ್ಲಿ ಆಗಲೇ ಸಾವಿನ ಮನೆ. ಆಮೇಲೆ ಒಂದೊಂದೇ ಪಾಸ್, ಒಂದೊಂದೇ ಗೆರೆ, ಆ ದನಿ ಮೆಲ್ಲಗೆ ಏಳೋಕೆ ಶುರುವಾಯಿತು. ನನಗೆ ನಿಯಮ ಅರ್ಧಂಬರ್ಧ, ಆದರೆ ಅಪ್ಪನ ಮಗ ನಾನು, ದನಿ ಅರ್ಥವಾಯಿತು. ಡೇವಿಡ್ ಗ್ರೀನ್ ಎಸೆದ, ವೆರಾನ್ ಹೇನ್ಸ್ ಹಿಡಿದ, ಐದು ಸೆಕೆಂಡ್ ಬಾಕಿ, 26-24. ಮನ್ಸನ್ ಏನಂದರು ಗೊತ್ತಾ? ಮೊಳೆ ಹೊಡೆದ ಬೂಟುಗಾಲಲ್ಲಿ ಅವರ ಮುಖ ತುಳಿದು ಮೂಗು ಮುರಿದುಬಿಟ್ಟೆವು ಅಂದರು. ನಮ್ಮಜ್ಜ ಎಕ್ಕಡಕ್ಕೆ ಲಾಡ ಹೊಡೆಸುತ್ತಿದ್ದರಲ್ಲ, ಆ ಜಾತಿಯ ಬೂಟು. ಎಂಥ ಒರಟು ಮಾತು! ಪಂಪಿನ ಪೈಪ್ ಇನ್ನೂ ನನ್ನ ಕೈಯಲ್ಲೇ ಇತ್ತು, ಟ್ಯಾಂಕ್ ತುಂಬಿ ಅದು ಟಕ್ ಅಂತ ನಿಂತು ಎಷ್ಟು ಹೊತ್ತಾಗಿತ್ತೋ. ಪಕ್ಕದ ಗಾಡಿಯ ದೊಡ್ಡ ಹೊಟ್ಟೆಯ ಮನುಷ್ಯ ಬಂದು ನನ್ನನ್ನು ಎತ್ತಿಬಿಟ್ಟ. ನಿಜವಾಗಿ, ನೆಲದಿಂದ ಮೇಲೆತ್ತಿದ. ಕೆಳಗಿಳಿಸಿ, ಯಾರು ಏನು ಅಂತ ಒಂದೂ ಕೇಳದೆ, 'ಮೂಗು! ಮೂಗು ಕೇಳಿದೆಯಾ?' ಅಂದ. ಕಣ್ಣಲ್ಲಿ ನೀರು.

ಆ ದಿನದ ಮೇಲೆ ಅಮೆರಿಕದ ಬಗ್ಗೆ ಭಯ ಹೋಯಿತು ಅಂತ ಹೇಳಲ್ಲ, ಹೋಗಲಿಲ್ಲ. ಆ ಪೆಟ್ರೋಲ್ ಬಂಕಿನಲ್ಲಿ ಮಾತ್ರ ಹೋಯಿತು.

ಮನ್ಸನ್ ಪಕ್ಷಪಾತಿ, ಹೌದು. ಆದರೆ ಹೊಗಳುಭಟ್ಟ ಅಲ್ಲ. ಹೊಗಳುಭಟ್ಟರಿಗೆ ನಮ್ಮ ತಂಡ ಸದಾ ಶೂರ ಧೀರ. ಮನ್ಸನ್‌ಗೆ ನಮ್ಮ ತಂಡ ಸದಾ ಸೋಲುವ ಅಂಚಿನಲ್ಲಿ. ಭಯಪಟ್ಟಿದ್ದಕ್ಕೇ ಎದುರಿನವರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು, ಯಾರು ಎಲ್ಲಿ ನಿಂತಿದ್ದಾರೆ ಅಂತ ನಮಗೆ ಕಾಣಿಸುವ ಹಾಗೆ ಹೇಳುತ್ತಿದ್ದರು. ತಕ್ಕಡಿ ಹಿಡಿದವರು ಇಷ್ಟು ಗಮನ ಕೊಡುತ್ತಾರಾ? ನನಗೆ ಅನುಮಾನ. ಕನ್ನಡ ಕಾಮೆಂಟ್ರಿಯವರು ಆರ್‌ಸಿಬಿ ಪರ ಇರಲಿ ಬಿಡಿ, ನನ್ನ ತಕರಾರೇ ಬೇರೆ. ಅವರಿಗೆ ಭಯ ಸಾಲದು.

ಟೀವಿಯ ದನಿ ಮುಚ್ಚಿ, ರೇಡಿಯೋದಲ್ಲಿ ಮನ್ಸನ್ ಹಚ್ಚಿಕೊಂಡು ನೋಡುವುದು ಆಗ ಜಾರ್ಜಿಯಾದಲ್ಲಿ ಮನೆಮನೆಯ ಪದ್ಧತಿಯಾಗಿತ್ತು. ಡಿಜಿಟಲ್ ಟೀವಿ ಬಂದಮೇಲೆ ಚಿತ್ರ ಕೆಲವು ಸೆಕೆಂಡ್ ತಡ. ಆಫೀಸಿನ ಆ ಹಿರಿಯರ ಮನೆಯಲ್ಲಿ ನೋಡಿದ್ದೇನೆ: ಮನ್ಸನ್ ಕೂಗಿ ಮುಗಿಸಿರುತ್ತಾರೆ, ಎಲ್ಲರೂ ಕುಣಿದು ಮುಗಿಸಿರುತ್ತಾರೆ, ಟೀವಿಯಲ್ಲಿ ಹುಡುಗ ಇನ್ನೂ ಚೆಂಡು ಎಸೆಯುತ್ತಿರುತ್ತಾನೆ. ಆದರೂ ಯಾರೂ ರೇಡಿಯೋ ಆರಿಸುತ್ತಿರಲಿಲ್ಲ.

2008ರಲ್ಲಿ ಮೆದುಳಿನ ಆಪರೇಷನ್ ಆಯಿತು, ಅದೇ ಸೆಪ್ಟೆಂಬರ್‌ನಲ್ಲಿ ಮೈಕ್ ಬಿಟ್ಟರು. 2011ರ ನವೆಂಬರ್ 20ಕ್ಕೆ ತೀರಿಕೊಂಡರು, 89 ವರ್ಷ. ಡಿಸೆಂಬರ್‌ನಲ್ಲಿ ಸ್ಟೇಡಿಯಂನಲ್ಲೇ ಶ್ರದ್ಧಾಂಜಲಿ ಸಭೆ ಇತ್ತು. ನಾನು ಹೋಗಲಿಲ್ಲ, ಮಗಳಿಗೆ ಜ್ವರ ಇತ್ತು. ಹೋಗಬೇಕಿತ್ತು.

1980ರ ನಂತರ ಇನ್ನೊಂದು ರಾಷ್ಟ್ರೀಯ ಕಪ್ ನೋಡದೆಯೇ ಹೋದರು. ಆರ್‌ಸಿಬಿಯವರು ಹದಿನೆಂಟು ವರ್ಷ ಕಾದೆವು ಅಂತ ಎದೆ ತಟ್ಟಿಕೊಳ್ಳುತ್ತೇವಲ್ಲ, ಇವರದು 41 ವರ್ಷ. 2022ರ ಜನವರಿ 10, ಸೋಮವಾರ ರಾತ್ರಿ ಹನ್ನೆರಡರ ಹತ್ತಿರ, ಅಲಬಾಮಾ ಎದುರು ಫೈನಲ್. ಕೊನೆಯ ನಿಮಿಷದಲ್ಲಿ ಕೀಲಿ ರಿಂಗೋ ಅನ್ನುವ ಹುಡುಗ ಎದುರಾಳಿಯ ಪಾಸ್ ಕಸಿದುಕೊಂಡು 79 ಗಜ ಓಡಿದ. ನಾನು ಸೋಫಾ ಮೇಲೆ ಹತ್ತಿ ನಿಂತು ಕಿರುಚುತ್ತಿದ್ದೆ. ಹೆಂಡತಿ ಒಳಗಿನಿಂದ 'ರೀ, ಪಕ್ಕದ ಮನೆಯವರು ಪೊಲೀಸ್ ಕರೀತಾರೆ' ಅಂದಳು. ಮಗಳು ಮಾತ್ರ ಟೀವಿ ನೋಡುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

'ಅಪ್ಪಾ, ಅವನ ಹೆಸರು ರಿಂಗೋ. ಲಿಂಡ್ಸೆ ಯಾರು?'