ವಾಡೆಯ ದಫ್ತರ ಎಲ್ಲರಿಗೂ ತೆರೆಯಬೇಕೆ?

ಹಿಂದೆ ಊರುಗಳ ಕಂದಾಯ, ಆಡಳಿತ ನೋಡುತ್ತಿದ್ದ ದೇಸಾಯಿ, ದೇಶಪಾಂಡೆ, ನಾಡಗೌಡ ಮನೆತನಗಳ ವಾಡೆಗಳಲ್ಲಿ, ಅಂದರೆ ದೊಡ್ಡ ಹಳೆಯ ಮನೆಗಳಲ್ಲಿ, ಉಳಿದಿರುವ ದಫ್ತರಗಳನ್ನು, ಅಂದರೆ ಖಾಸಗಿ ದಾಖಲೆಗಳನ್ನು, ಡಿಜಿಟಲೀಕರಿಸಿ ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ತೆರೆದಿಡಬೇಕೆ ಎಂಬ ಪ್ರಶ್ನೆಗೆ ಇಬ್ಬರು ಬರೆದಿದ್ದಾರೆ.

ಪರ: ಗೆದ್ದಲು ಯಾರ ಒಪ್ಪಿಗೆಗೂ ಕಾಯುವುದಿಲ್ಲ

ಈ ಪ್ರಶ್ನೆಗೆ ಪರವಾಗಿ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಒಪ್ಪಿಕೊಂಡೆ. ಪ್ರತಿಯೊಂದು ವಾಡೆಯ ಪ್ರತಿಯೊಂದು ಚೀಟಿಯೂ ಅಂತರ್ಜಾಲಕ್ಕೆ ಬರಲೇಬೇಕು ಎನ್ನುವಷ್ಟು ಮುಂದೆ ನಾನು ಹೋಗಲಾರೆ. ಆದರೆ ಕಟ್ಟಿಟ್ಟ ಕಾಗದ ಕಟ್ಟಿನೊಳಗೇ ಸಾಯುತ್ತದೆ ಎಂಬುದನ್ನು ಕಣ್ಣಾರೆ ಕಂಡವನಾಗಿ ಈ ಪಕ್ಷದಲ್ಲಿ ನಿಲ್ಲುತ್ತೇನೆ.

1791ರಲ್ಲಿ ಮರಾಠಾ ಸೈನ್ಯದ ದಂಡಿನವರು ಶೃಂಗೇರಿಯನ್ನು ಲೂಟಿ ಮಾಡಿದರು. ಅದರ ಬಗ್ಗೆ ದುಃಖಿಸಿ ಟಿಪ್ಪು ಸುಲ್ತಾನನು ಜಗದ್ಗುರುಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದ ದಫ್ತರದಲ್ಲಿ 125 ವರ್ಷ ಮಲಗಿದ್ದವು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಅಂತಹ ಸುಮಾರು 30 ಪತ್ರಗಳನ್ನು ಬೆಳಕಿಗೆ ತಂದ ಮೇಲೆ ಆ ಕಾಲದ ಚರಿತ್ರೆಯನ್ನು ಮೊದಲಿನಂತೆ ಬರೆಯಲು ಯಾರಿಗೂ ಸಾಧ್ಯವಾಗಲಿಲ್ಲ. ಮಠವು ವಾಡೆಯ ಮನೆತನವಲ್ಲ, ನಿಜ. ಆದರೂ ಅದು ಖಾಸಗಿ ದಫ್ತರವೇ. ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಒಪ್ಪಿಸದೆ ಮನೆಯಲ್ಲೇ ಇಟ್ಟುಕೊಂಡಿದ್ದರೆ, 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಅದನ್ನು ಅಚ್ಚು ಹಾಕಿಸುವ ಮಾತೇ ಇರುತ್ತಿರಲಿಲ್ಲ.

ಮಲೆನಾಡಿನ ಮನೆಯೊಂದರಲ್ಲಿ ನನಗೊಮ್ಮೆ ಒಂದು ಕಡತ ತೋರಿಸಿದರು. ಹುಣಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದ ಕಪ್ಪು ಪುಸ್ತಕವದು. ಹೊರಗಿನ ಎರಡು ಮಡಿಕೆಗಳ ಅಕ್ಷರ ಸ್ಪಷ್ಟವಾಗಿತ್ತು. ಮೂರನೆಯದನ್ನು ಬಿಡಿಸಿದಾಗ ಅಂಟಿನ ರುಚಿ ಹತ್ತಿದ ಹುಳುಗಳು ಒಳಗನ್ನೆಲ್ಲ ಜರಡಿ ಮಾಡಿದ್ದವು, ಪುಡಿ ನನ್ನ ಅಂಗೈ ಮೇಲೆ ಉದುರಿತು. ಹಿಂದಿನ ವರ್ಷವೇ ಒಂದು ಕ್ಯಾಮೆರಾ ಆ ಮನೆಗೆ ಹೋಗಿದ್ದರೆ ಆ ಬರಹ ಉಳಿಯುತ್ತಿತ್ತು.

ಬೇಡವೆನ್ನುವವರ ಮನಸ್ಸಿನಲ್ಲಿ ಇರುವುದು ಬಹುಮಟ್ಟಿಗೆ ಮನೆತನದ ಮರ್ಯಾದೆಯ ಚಿಂತೆ ಮತ್ತು ಆಸ್ತಿಯ ಭಯ. ಆ ಭಯಕ್ಕೆ ಹಿಂದೊಮ್ಮೆ ಕಾರಣವಿತ್ತು. ಮುಂಬಯಿ ಪ್ರಾಂತದಲ್ಲಿ 1852ರ ಕಾಯ್ದೆಯ ಬಲದಿಂದ ಇನಾಮ್ ಕಮಿಷನ್ (ದಾನವಾಗಿ ಬಂದ ಇನಾಮು ಭೂಮಿಗಳ ಹಕ್ಕನ್ನು ತನಿಖೆ ಮಾಡಿದ ಸರ್ಕಾರಿ ಆಯೋಗ) ಮನೆಮನೆಯ ಸನದುಗಳನ್ನು, ಅಂದರೆ ಹಕ್ಕುಪತ್ರಗಳನ್ನು, ಕೇಳಿದಾಗ, ಕಾಗದ ತೋರಿಸಲಾಗದವರು ಭೂಮಿ ಕಳೆದುಕೊಂಡರು. ಆದರೆ ಇನಾಮುಗಳೇ ರದ್ದಾಗಿವೆ, 1974ರ ಭೂಸುಧಾರಣೆಯೂ ಬಂದುಹೋಗಿದೆ. ಇನ್ನು ಆ ಸನದುಗಳನ್ನು ಯಾರಿಂದ ಕಾಪಾಡಬೇಕು? ಕರ್ನಾಟಕದ 2010ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಅನ್ವಯವಾಗುವುದು ಸರ್ಕಾರಿ ದಾಖಲೆಗಳಿಗೆ. ಖಾಸಗಿ ದಫ್ತರ ಉಳಿಯುವುದೂ ಅಳಿಯುವುದೂ ಮನೆಯವರ ಮನಸ್ಸಿಗೆ ಬಿಟ್ಟದ್ದು. ಅದಕ್ಕಾಗಿಯೇ ಅವರನ್ನು ಕೇಳಿಕೊಳ್ಳುತ್ತಿದ್ದೇನೆ. ಮೂಲ ಕಾಗದ ಮನೆಯಲ್ಲೇ ಇರಲಿ, ಚಿತ್ರ ಮಾತ್ರ ಹೊರಬರಲಿ.

ವಿರೋಧ: ಅದರಲ್ಲಿರುವುದು ನಮ್ಮ ಹೆಸರು ಮಾತ್ರವಲ್ಲ

ನಾನು ಹುಟ್ಟಿದ್ದು ವಾಡೆಯಲ್ಲಿ. ಅಟ್ಟದ ಕೋಣೆಯಲ್ಲಿ ಕೆಂಪು ಬಟ್ಟೆಯ ರುಮಾಲುಗಳು, ಅಂದರೆ ಬಟ್ಟೆಯಲ್ಲಿ ಸುತ್ತಿ ಕಟ್ಟಿದ ಕಾಗದದ ಗಂಟುಗಳು, ಸಾಲಾಗಿದ್ದವು. ಒಂದನ್ನು ಬಿಚ್ಚಿದರೆ, ಹಸಿ ಶಾಯಿ ಹೀರಲೆಂದು ಕಾರಕೂನರು ನೂರು ವರ್ಷದ ಹಿಂದೆ ಉದುರಿಸಿದ ಮರಳು ಇಂದಿಗೂ ಮಡಿಲಿಗೆ ಬೀಳುತ್ತದೆ. ಲೆಕ್ಕಣಿಕೆ ಎತ್ತದೆ ಒಂದೇ ಓಟದಲ್ಲಿ ಬರೆದ ಮೋಡಿ ಅಕ್ಷರವನ್ನು, ಹಳೆಯ ಮರಾಠಿ ದಾಖಲೆಗಳ ಆ ಲಿಪಿಯನ್ನು, ನನಗೆ ಅಜ್ಜ ಕಲಿಸಿದರು. ಆದ್ದರಿಂದ ಈ ಕಾಗದಗಳ ಬೆಲೆ ನಿಮಗೆ ತಿಳಿಯದು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ.

ದಫ್ತರ ತೆರೆಯಿರಿ ಎನ್ನುವವರು ಯಾವಾಗಲೂ ಶೃಂಗೇರಿಯ ಪತ್ರಗಳ ಮಾತು ತೆಗೆಯುತ್ತಾರೆ. ರಾಜನು ಗುರುವಿಗೆ ಬರೆದ ಪತ್ರವನ್ನು ನಾಡೆಲ್ಲ ಓದಲಿ, ಸಂತೋಷ. ಆದರೆ ವಾಡೆಯ ರುಮಾಲುಗಳಲ್ಲಿ ರಾಜಪತ್ರಗಳು ನಾಲ್ಕಾದರೆ, ಉಳಿದ ನಾಲ್ಕು ನೂರು ಊರಿನವರ ಕಾಗದಗಳು: ಸಾಲದ ಚೀಟಿ, ಒತ್ತೆ ಪತ್ರ, ತಪ್ಪೊಪ್ಪಿಗೆ, ದಂಡ, ದತ್ತಕದ ಜಗಳ, ಗಂಡ ಬಿಟ್ಟವಳ ಅರ್ಜಿ. ಬರೆಸಿಕೊಂಡವರು ನಾವು, ಬರೆದುಕೊಟ್ಟವರು ಅವರು. ಬರಹ ಬಾರದೆ ಹೆಬ್ಬೆಟ್ಟು ಒತ್ತಿದವರ ಬದುಕನ್ನು ಜಗತ್ತಿಗೆ ತೋರಿಸಲು ಒಪ್ಪಿಗೆ ಕೊಡುವ ಅಧಿಕಾರ ನಮಗೆಲ್ಲಿಂದ ಬಂತು?

ಗೆದ್ದಲಿನ ಮಾತು ಕೇಳಿ ಕೇಳಿ ಸಾಕಾಗಿದೆ. ಗೆದ್ದಲು ತಡೆಯಲು ಸೋರದ ಮಾಳಿಗೆ ಬೇಕು, ಬಜೆಯ ಬೇರು ಬೇಕು, ವರ್ಷಕ್ಕೊಮ್ಮೆ ರುಮಾಲು ಬಿಚ್ಚಿ ಗಾಳಿಗಿಡುವ ಕೈ ಬೇಕು. ಅಂತರ್ಜಾಲ ಶಾಶ್ವತವೆಂದು ನಂಬುವವರು 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ನಡೆದ ಸೈಬರ್ ದಾಳಿಯನ್ನು ನೆನೆಯಬೇಕು. ಅಷ್ಟು ದೊಡ್ಡ ಸಂಸ್ಥೆಯ ಡಿಜಿಟಲ್ ಹಸ್ತಪ್ರತಿಗಳು ತಿಂಗಳುಗಟ್ಟಲೆ ಯಾರಿಗೂ ಸಿಗದೆ ಹೋದವು.

ನನ್ನ ಮನಸ್ಸು ಗಟ್ಟಿಯಾದದ್ದು ಮಾತ್ರ ನಮ್ಮ ಮನೆಯಲ್ಲೇ ನಡೆದ ಸಂಗತಿಯಿಂದ. ಕೆಲವು ವರ್ಷಗಳ ಹಿಂದೆ ಇತಿಹಾಸದಲ್ಲಿ ಆಸಕ್ತಿಯಿದ್ದ ಕೆಲವರು ಬಂದು ಕೇಳಿಕೊಂಡಾಗ, ನಮ್ಮ ಕಾಕಾ ಎರಡು ರುಮಾಲುಗಳ ಚಿತ್ರ ತೆಗೆಯಲು ಬಿಟ್ಟರು. ಬಂದವರು ಒಳ್ಳೆಯವರು, ಕೈಗವಸು ಹಾಕಿಕೊಂಡು ಕಾಗದಗಳನ್ನು ಮಗುವಿನಂತೆ ಎತ್ತುತ್ತಿದ್ದರು. ಮುಂದೆ ಆ ಚಿತ್ರಗಳು ಕನ್ನಡ ಸಾರಾಂಶದ ಸಮೇತ ಅಂತರ್ಜಾಲಕ್ಕೆ ಹೋದವು. ಅದರಲ್ಲಿ 1911ರ ಒಂದು ಜೀತದ ಚೀಟಿ ಇತ್ತು. ನಲವತ್ತು ರೂಪಾಯಿ ಸಾಲಕ್ಕೆ ಒಬ್ಬ ಮನುಷ್ಯ ತನ್ನನ್ನೂ ತನ್ನ ತರುವಾಯ ತನ್ನ ಮಗನನ್ನೂ ವಾಡೆಯ ದುಡಿಮೆಗೆ ಬರೆದುಕೊಟ್ಟಿದ್ದ. ಹೆಸರು, ತಂದೆಯ ಹೆಸರು, ಜಾತಿ, ಊರು, ಕೆಳಗೆ ಹೆಬ್ಬೆಟ್ಟು.

ಚೀಟಿಯ ಚಿತ್ರ ಊರಿನ ಮೊಬೈಲುಗಳಿಗೆ ಹಬ್ಬಲು ಎರಡು ದಿನ ಹಿಡಿಯಲಿಲ್ಲ. ಆ ಮನುಷ್ಯನ ಮರಿಮಗ ಈಗ ಊರಿನ ಬಸ್ ನಿಲ್ದಾಣದ ಬಳಿ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಗಡಿಯ ಮುಂದೆ ನಿಂತು ಚೀಟಿಯನ್ನು ಗಟ್ಟಿಯಾಗಿ ಓದಿದವರಿದ್ದರು. ಜೀತವನ್ನು ಕಾಯ್ದೆ 1976ರಲ್ಲೇ ಅಳಿಸಿದ್ದರೂ ಹಂಗಿಸುವ ನಾಲಗೆಗೆ ಕಾಯ್ದೆ ಮುಟ್ಟಿರಲಿಲ್ಲ. ಒಂದು ಮಧ್ಯಾಹ್ನ ಅವನು ವಾಡೆಗೆ ಬಂದ. ಒಳಗೆ ಬಾ ಎಂದು ಕರೆದರೂ ಬಾರದೆ ಕಟ್ಟೆಯ ಬಳಿಯೇ ನಿಂತು, “ಅಕ್ಕಾರ, ಅದು ನಮ್ಮ ಮುತ್ಯಾನ ಹೆಬ್ಬೆಟ್ಟು. ಮಂದಿಗೆ ತೋರಸೂ ಮುಂದ ನಮ್ಮನ್ನ ಒಂದ ಮಾತ ಯಾಕ ಕೇಳಲಿಲ್ಲ?” ಎಂದ. ನನ್ನ ಬಳಿ ಉತ್ತರವಿರಲಿಲ್ಲ. ನಾವು ಬೇಡಿಕೊಂಡ ಮೇಲೆ ಅಂತರ್ಜಾಲಕ್ಕೆ ಹಾಕಿದವರು ಚಿತ್ರವನ್ನು ತೆಗೆದುಹಾಕಿದರು. ಮೊಬೈಲುಗಳಿಂದ ಅದನ್ನು ತೆಗೆಯುವವರು ಯಾರು?

ಸಂಶೋಧಕರಿಗೆ ನಮ್ಮ ಬಾಗಿಲು ಇಂದಿಗೂ ಮುಚ್ಚಿಲ್ಲ. ಬರಲಿ, ನಮ್ಮ ಪಡಸಾಲೆಯಲ್ಲಿ ಕುಳಿತು ಓದಲಿ, ಓದಿದ್ದನ್ನು ಹೆಸರು ಮರೆಮಾಡಿ ಬರೆಯಲಿ. ಊರಿನವರು ತಮ್ಮ ಹಿರಿಯರ ಕಾಗದ ಕೇಳಿ ಬಂದರೆ ಮೊದಲು ಅವರಿಗೆ ಓದಿ ಹೇಳುತ್ತೇನೆ. ಹೊರಗಿನವರಿಗೆ ತೋರಿಸುವುದೋ ಬಿಡುವುದೋ, ಅದನ್ನು ಅವರೇ ನಿರ್ಧರಿಸುತ್ತಾರೆ.

ಎರಡನೆಯ ಸಲ ಆ ಮರಿಮಗ ತಾನಾಗಿಯೇ ಒಳಗೆ ಬಂದು ಕುಳಿತ. ಮೂಲ ಚೀಟಿಯನ್ನು ಅವನ ಮುಂದಿಟ್ಟು ಅಕ್ಷರ ಅಕ್ಷರ ಓದಿ ಹೇಳಿದೆ. ಹೆಬ್ಬೆಟ್ಟಿನ ಗುರುತನ್ನು ಬಹಳ ಹೊತ್ತು ನೋಡಿದ, ಮುಟ್ಟಲಿಲ್ಲ. ಕೊನೆಗೆ, ಆ ನಲವತ್ತು ರೂಪಾಯಿ ಎಂದಾದರೂ ತೀರಿತ್ತೆ ಎಂದು ಕೇಳಿದ. ಅಂದಿನಿಂದ ದಿನದಿನದ ಲೆಕ್ಕದ ಕೀರ್ದಿ ಪುಸ್ತಕಗಳಲ್ಲಿ ಅದನ್ನೇ ಹುಡುಕುತ್ತಿದ್ದೇನೆ. 1911ರಿಂದ ಹನ್ನೊಂದು ವರ್ಷದ ಲೆಕ್ಕ ಓದಿ ಮುಗಿದಿದೆ, ಜಮೆ ಕಂಡಿಲ್ಲ. ಮುಂದಿನ ರುಮಾಲನ್ನು ಮಳೆಗಾಲ ಕಳೆದ ಮೇಲೆ ಬಿಚ್ಚಬೇಕು.